ಮೊದಲು ನಿಂತೆವು, ಬುದ್ಧಿ ಆಮೇಲೆ ಬಂತು

ಆಷಾಢ ಏಕಾದಶಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ಪಾಲಖಿಗಳು ಪುಣೆಗೆ ಬರುತ್ತವೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ. ಒಂದು ಭವಾನಿ ಪೇಠೆಯಲ್ಲಿ ತಂಗುತ್ತದೆ, ಇನ್ನೊಂದು ನಾನಾ ಪೇಠೆಯಲ್ಲಿ. ಎರಡರಲ್ಲೂ ಇರುವುದು ಪಾದುಕೆಗಳು. ಅವುಗಳ ಜೊತೆ ಲಕ್ಷಗಟ್ಟಲೆ ಜನ ವಿಠ್ಠಲನ ಪಂಢರಪುರದವರೆಗೆ ನಡೆಯುತ್ತಾರೆ. ಈ ಯಾತ್ರೆಗೆ ವಾರಿ ಅನ್ನುತ್ತಾರೆ. ಆಳಂದಿಯಿಂದ ಲೆಕ್ಕ ಹಾಕಿದರೆ ಸುಮಾರು 250 ಕಿಲೋಮೀಟರ್.

ನಾನು ಧಾರವಾಡದವಳು. ಪುಣೆಗೆ ಬಂದು ಹದಿನಾರು ವರ್ಷವಾಯಿತು. ಇಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೇನೆ. ಪಾಲಖಿ ಬಂದ ದಿನ ಕ್ಲಿನಿಕ್ ಮುಚ್ಚಿ, ಪೇಠೆಯ ಒಂದು ಶಾಲೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇನೆ. ನನ್ನಂಥವರು ಇನ್ನೂ ಹಲವರು ಬರುತ್ತಾರೆ. ನಡೆದು ಬಂದವರ ಕಾಲು ತೊಳೆಯುವುದು, ಎಣ್ಣೆ ಹಚ್ಚಿ ಒತ್ತುವುದು, ಗುಳ್ಳೆ ಎದ್ದಿದ್ದರೆ ಪಟ್ಟಿ ಕಟ್ಟುವುದು ನಮ್ಮ ಕೆಲಸ. ಅಲ್ಲಿ ಎಲ್ಲರೂ ಎಲ್ಲರನ್ನೂ ‘ಮಾವುಲಿ’ ಅಂತ ಕರೆಯುತ್ತಾರೆ. ಅಂದರೆ ತಾಯಿ.

ಹೋದ ವರ್ಷ ಇಂಡಿ ಕಡೆಯ ಒಬ್ಬ ಅಜ್ಜಿ ನನ್ನ ಮುಂದೆ ಕೂತಿದ್ದರು. ಮಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಅವನ ಮನೆಗೆ ಬಂದವರು ಇಲ್ಲಿಂದಲೇ ಒಂದು ದಿಂಡಿ, ಅಂದರೆ ಒಟ್ಟಿಗೆ ನಡೆಯುವವರ ತಂಡ, ಸೇರಿದ್ದರು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಮಾತು ಶುರುವಾಯಿತು. ಎಡಗಾಲಿನ ಮೊಣಕಾಲು ಊದಿತ್ತು. ಮೆಲ್ಲಗೆ ಒತ್ತುತ್ತಿದ್ದಾಗ ಕೇಳಿದರು: “ಯವ್ವಾ, ದೇವರು ಕೈ ಎಷ್ಟ್ ಚಂದ ಮಾಡ್ಯಾನ. ಈ ಮೊಣಕಾಲು ಮಾಡೂ ಮುಂದ ಯಾಕ ಅವಸರ ಮಾಡಿದ?”

ಅವತ್ತು ನಾನು ಹೇಳಿದ್ದು ನಾಲ್ಕು ಮಾತು. ಪ್ರಶ್ನೆ ಅದಕ್ಕಿಂತ ದೊಡ್ಡದಿತ್ತು.

ಪುಣೆಯ ಹಳೆಯ ಪೇಠೆಗಳಲ್ಲಿ ಓಡಾಡಿದವರಿಗೆ ವಾಡೆಗಳು ಗೊತ್ತು. ಹಳೇ ಕಾಲದ ದೊಡ್ಡ ಮನೆ, ಒಳಗೆ ಹತ್ತಾರು ಬಾಡಿಗೆ ಕುಟುಂಬ. ಅವರು ಅಲ್ಲೇ ಇರುವಾಗಲೇ ಒಂದು ಗೋಡೆ ಒಡೆಯುತ್ತಾರೆ, ಜಗುಲಿಯನ್ನು ಅಡುಗೆಮನೆ ಮಾಡುತ್ತಾರೆ, ಮೆಟ್ಟಿಲ ಕೆಳಗೆ ನಲ್ಲಿ ತರುತ್ತಾರೆ. ಬದುಕಲು ಸಾಕಾಗುತ್ತದೆ. ಆದರೆ ಹೊಸದಾಗಿ ನಕ್ಷೆ ಬರೆದು ಕಟ್ಟಿದ ಮನೆಯ ಹಾಗೆ ಇರುವುದಿಲ್ಲ. ಅಲ್ಲೊಂದು ಇಕ್ಕಟ್ಟು, ಇಲ್ಲೊಂದು ಸೋರಿಕೆ.

ನಮ್ಮ ದೇಹವೂ ಹೀಗೇ ತಯಾರಾದದ್ದು. ಒಂದೇ ತಾಯಿಯ ಮಕ್ಕಳು ಒಂದೇ ಥರ ಇರುವುದಿಲ್ಲ, ಅಲ್ವಾ? ಆ ವ್ಯತ್ಯಾಸಗಳಲ್ಲಿ ಕೆಲವು ವಂಶದಲ್ಲಿ ಇಳಿದು ಬರುತ್ತವೆ. ಬದುಕಿ ಉಳಿದು ಮಕ್ಕಳನ್ನು ಸಾಕಲು ಯಾವ ವ್ಯತ್ಯಾಸ ಚೂರು ನೆರವಾಗುತ್ತದೋ, ಅದು ಮುಂದಿನ ತಲೆಮಾರಿನಲ್ಲಿ ಚೂರು ಜಾಸ್ತಿಯಾಗುತ್ತದೆ. ಹೀಗೆ ಸಾವಿರಾರು ತಲೆಮಾರು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ವಿವರಿಸಿದ್ದು ಇದನ್ನೇ. ಹೀಗೆ ಬದಲಾಗುತ್ತ ಬರುವುದಕ್ಕೆ ವಿಕಾಸ ಅನ್ನುತ್ತಾರೆ. ಇದರಲ್ಲಿ ಒಂದು ಕಟ್ಟಳೆ ಇದೆ. ನಡುವಿನ ಪ್ರತಿಯೊಂದು ತಲೆಮಾರೂ ಬದುಕಬೇಕು. ವಾಡೆಯನ್ನು ಖಾಲಿ ಮಾಡಿಸಿ ಕೆಡವಿ ಕಟ್ಟುವಂತಿಲ್ಲ. ಇದ್ದದ್ದನ್ನೇ ತಿದ್ದಬೇಕು.

ಇದ್ದದ್ದು ಮರ ಹತ್ತುವ ದೇಹ. ಚಿಂಪಾಂಜಿಯ ಪಾದ ನೋಡಿ. ಹೆಬ್ಬೆರಳು ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಕೊಂಬೆ ಹಿಡಿಯಲು. ನಮ್ಮಲ್ಲಿ ಅದು ಉಳಿದ ಬೆರಳುಗಳ ಸಾಲಿಗೆ ಬಂದು ನಿಂತಿದೆ. ಅಂಗಾಲಿನಲ್ಲಿ ಕಮಾನು ಎದ್ದಿದೆ. ಪ್ರತಿ ಹೆಜ್ಜೆಗೂ ಅದು ಸ್ಪ್ರಿಂಗಿನ ಹಾಗೆ ತಗ್ಗಿ ಏಳುತ್ತದೆ. ಒಂದು ಪಾದದಲ್ಲಿ 26 ಮೂಳೆ. ಎರಡೂ ಸೇರಿ 52. ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲು ಭಾಗ ಪಾದಗಳಲ್ಲೇ ಇದೆ. ಬರೀ ಊರಿ ನಿಲ್ಲುವುದಕ್ಕೆ ಇಷ್ಟು ಮೂಳೆ ಯಾಕೆ? ಒಂದು ಕಾಲದಲ್ಲಿ ಅದು ಹಿಡಿಯುವ ಅಂಗವಾಗಿತ್ತು. ಆ ಹಳೇ ಮೂಳೆಗಳನ್ನೇ ಬಿಗಿದು ಕಟ್ಟಿದ್ದರಿಂದ ಪಾದ ಆಯಿತು.

ಇನ್ನು ಅಜ್ಜಿಯ ಮೊಣಕಾಲು. ನಮ್ಮ ತೊಡೆಮೂಳೆ ಸೊಂಟದಿಂದ ನೆಟ್ಟಗೆ ಇಳಿಯುವುದಿಲ್ಲ, ಒಳಮುಖವಾಗಿ ಓರೆಯಾಗಿ ಇಳಿಯುತ್ತದೆ. ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತಾಗ ಮೈಯ ಭಾರ ಮೊಣಕಾಲಿನ ಮೇಲೇ ಬೀಳಲಿ ಅಂತ ಈ ಓರೆ. ಇದಿಲ್ಲದಿದ್ದರೆ ನಾವು ಅತ್ತಿತ್ತ ವಾಲಾಡುತ್ತ ನಡೆಯಬೇಕಿತ್ತು. ಆದರೆ ನಾಲ್ಕು ಕೈಕಾಲು ಹೊರುತ್ತಿದ್ದ ಭಾರ ಈಗ ಎರಡೇ ಮೊಣಕಾಲಿಗೆ. ನಡೆಯುವಾಗ ಒಂದು ಕ್ಷಣ ಒಂದಕ್ಕೇ. ಬೆನ್ನಿನ ಕಥೆಯೂ ಇದೇ. ಅಡ್ಡ ಇದ್ದ ಬೆನ್ನೆಲುಬನ್ನು ಎತ್ತಿ ನಿಲ್ಲಿಸಿದೆವು, ಸೊಂಟದ ಹತ್ತಿರ ಬಳುಕು ಬಂತು. ನನ್ನ ಕ್ಲಿನಿಕ್ಕಿಗೆ ಬರುವ ಮುಕ್ಕಾಲು ಜನ ಈ ಎರಡು ಜಾಗ ಮುಟ್ಟಿಕೊಂಡೇ ಬರುತ್ತಾರೆ.

ಇಷ್ಟು ಕಷ್ಟಪಟ್ಟು ಯಾಕೆ ಎದ್ದು ನಿಂತೆವು? ಉತ್ತರ ಒಂದೇ ಅಲ್ಲ, ಇನ್ನೂ ಚರ್ಚೆ ನಡೆದಿದೆ. ಒಂದು ಲಾಭ ಮಾತ್ರ ಅಳೆದು ನೋಡಿದ್ದು. ಚಿಂಪಾಂಜಿ ನಡೆಯಲು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗದಲ್ಲಿ ನಾವು ಅಷ್ಟೇ ದೂರ ನಡೆಯುತ್ತೇವೆ. ಎಪ್ಪತ್ತು ದಾಟಿದವರು ತಲೆ ಮೇಲೆ ತುಳಸಿ ಕಟ್ಟೆ ಹೊತ್ತು ದಿವೆ ಘಾಟ್ ಹತ್ತುವುದನ್ನು ನೋಡಿದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ನಮ್ಮ ಬಗ್ಗೆ ನಮಗೇ ಇದ್ದ ಒಂದು ಹೆಮ್ಮೆಯನ್ನು ಪಾದಗಳು ಮುರಿದಿವೆ. ನನಗೆ ತುಂಬ ಇಷ್ಟವಾದ ಕಥೆ ಇದು. ಮನುಷ್ಯನನ್ನು ಮನುಷ್ಯ ಮಾಡಿದ್ದು ಬುದ್ಧಿ, ಹಾಗಾಗಿ ಮೊದಲು ದೊಡ್ಡದಾದದ್ದು ಮೆದುಳೇ ಇರಬೇಕು ಅಂತ ಬಹಳ ಮಂದಿ ವಿದ್ವಾಂಸರು ನಂಬಿದ್ದರು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ಸಿಕ್ಕ ಪಳೆಯುಳಿಕೆ ಅಂತ ಒಂದನ್ನು ತೋರಿಸಲಾಯಿತು. ದೊಡ್ಡ ಬುರುಡೆ, ವಾನರನ ದವಡೆ. ಎಲ್ಲರೂ ಹುಡುಕುತ್ತಿದ್ದದ್ದು ಅದನ್ನೇ! 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ಒಂದು ಮಗುವಿನ ಬುರುಡೆ ಸಿಕ್ಕಿತು. ಮೆದುಳು ಚಿಕ್ಕದು. ಆದರೆ ಬೆನ್ನುಹುರಿ ಬುರುಡೆಯೊಳಗೆ ಹೋಗುವ ರಂಧ್ರ ಹಿಂದುಗಡೆ ಇರಲಿಲ್ಲ, ಕೆಳಗಡೆ ಇತ್ತು. ಅಂದರೆ ತಲೆಯನ್ನು ನೆಟ್ಟಗೆ ಹೊತ್ತು ನಡೆಯುತ್ತಿದ್ದ ಜೀವಿ. ಅದನ್ನು ವಿವರಿಸಿದ ರೇಮಂಡ್ ಡಾರ್ಟ್ ಮಾತನ್ನು ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1953ರಲ್ಲಿ ಪಿಲ್ಟ್‌ಡೌನ್ ಬರೀ ಮೋಸ ಎಂದು ಬಯಲಾಯಿತು. ಮನುಷ್ಯನ ಬುರುಡೆಗೆ ಒರಾಂಗುಟಾನಿನ ದವಡೆ ಜೋಡಿಸಿ, ಹಲ್ಲು ಉಜ್ಜಿ, ಹಳೆಯದಾಗಿ ಕಾಣಲು ಬಣ್ಣ ಹಚ್ಚಿದ್ದರು.

ನಲವತ್ತು ವರ್ಷ ಮೋಸ ಹೋದದ್ದು ನಾಚಿಕೆಯ ವಿಷಯವೇ. ಆದರೆ ಅದನ್ನು ಹಿಡಿದದ್ದೂ ವಿಜ್ಞಾನಿಗಳೇ. ವಿಜ್ಞಾನದ ಮೇಲೆ ನನಗಿರುವ ನಂಬಿಕೆ ನಿಂತಿರುವುದು ಈ ಎರಡನೆಯ ಮಾತಿನ ಮೇಲೆ.

1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಒಂದು ಹೆಣ್ಣಿನ ಪಳೆಯುಳಿಕೆ ಸಿಕ್ಕಿತು, ಅವಳಿಗೆ ಲೂಸಿ ಅಂತ ಹೆಸರಿಟ್ಟರು. 32 ಲಕ್ಷ ವರ್ಷ ಹಿಂದಿನವಳು. ಎತ್ತರ ಮೂರೂವರೆ ಅಡಿ. ಮೆದುಳು ಹೆಚ್ಚುಕಡಿಮೆ ಚಿಂಪಾಂಜಿಯಷ್ಟು. ಆದರೆ ಸೊಂಟ ಮತ್ತು ಮೊಣಕಾಲು ನೋಡಿದರೆ ಎರಡು ಕಾಲಲ್ಲಿ ನಡೆದವಳು. ತೊಡೆಮೂಳೆಯಲ್ಲಿ ಅದೇ ಓರೆ ಇದೆ. ಮುಂದೆ 1978ರಲ್ಲಿ ತಾಂಜಾನಿಯಾದ ಲಾಯ್ಟೋಲಿಯಲ್ಲಿ ಮೇರಿ ಲೀಕಿಯವರ ತಂಡಕ್ಕೆ ಹೆಜ್ಜೆಗಳೇ ಸಿಕ್ಕವು. ಸುಮಾರು 36 ಲಕ್ಷ ವರ್ಷ ಹಿಂದೆ ಜ್ವಾಲಾಮುಖಿಯ ಬೂದಿ ಬಿದ್ದಿತ್ತು. ಅದರ ಮೇಲೆ ಮಳೆ ಹನಿದಿತ್ತು. ಆ ಹಸಿ ಬೂದಿಯ ಮೇಲೆ ಯಾರೋ ನಡೆದು ಹೋದರು. ಬೂದಿ ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಹಿಮ್ಮಡಿ ಊರಿದ್ದು, ಹೆಬ್ಬೆರಳು ಒತ್ತಿದ್ದು ಎಲ್ಲ ಕಾಣುತ್ತದೆ. ಇಬ್ಬರು ಅಕ್ಕಪಕ್ಕ ನಡೆದಿದ್ದಾರೆ. ಮೂರನೆಯವರೊಬ್ಬರು ದೊಡ್ಡ ಹೆಜ್ಜೆಗಳ ಒಳಗೇ ತಮ್ಮ ಹೆಜ್ಜೆ ಇಡುತ್ತ ಹಿಂದೆ ಬಂದಿದ್ದಾರೆ. ಕೆಸರಿನ ದಾರಿಯಲ್ಲಿ ದಿಂಡಿಯ ಜನ ಇವತ್ತೂ ಹಾಗೇ ನಡೆಯುತ್ತಾರೆ. ಆ ಫೋಟೋ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅವರು ಮನುಷ್ಯರೋ ಅಲ್ಲವೋ? ಮೊದಲ ಮನುಷ್ಯ ಯಾರು? ಕೋತಿಯಿಂದ ಮನುಷ್ಯ ಬಂದಿದ್ದರೆ ಕೋತಿಗಳು ಇನ್ನೂ ಯಾಕೆ ಇವೆ? ನಮ್ಮ ಕನ್ನಡ ಸಂಘದಲ್ಲಿ ಈ ಮಾತು ಎತ್ತಿದರೆ ಸಾಕು, ಈ ಪ್ರಶ್ನೆಗಳು ಬರುತ್ತವೆ. ನಾನು ಹೇಳುವುದು ‘ಹಾಲು’ ಎಂಬ ಪದದ ಕಥೆ. ಪಂಪನ ಕಾಲದಲ್ಲಿ ಅದು ‘ಪಾಲ್’. ತಮಿಳಿನಲ್ಲಿ ಇವತ್ತಿಗೂ ‘ಪಾಲ್’. ಕನ್ನಡದಲ್ಲಿ ಪಕಾರ ಹೋಗಿ ಹಕಾರ ಬಂತು, ಹಲವು ತಲೆಮಾರುಗಳಲ್ಲಿ ಮೆಲ್ಲಗೆ. ಯಾವ ತಾಯಿಯೂ ತನ್ನ ಮಗು ಬೇರೆ ಭಾಷೆ ಆಡುತ್ತಿದೆ ಅಂತ ಗಾಬರಿಯಾಗಲಿಲ್ಲ. ಆದರೂ ಪಂಪನ ಭಾಷೆ ಇವತ್ತು ನಮಗೆ ವಿವರಣೆಯಿಲ್ಲದೆ ಅರ್ಥವಾಗುವುದಿಲ್ಲ. ಹೊಸಗನ್ನಡ ಮಾತಾಡಿದ ಮೊದಲ ವ್ಯಕ್ತಿ ಯಾರು ಅಂತ ಕೇಳಿದರೆ ಏನು ಹೇಳುತ್ತೀರಿ? ಮೊದಲ ಮನುಷ್ಯನೂ ಹಾಗೇ. ಅಂಥ ಒಬ್ಬರು ಇರಲೇ ಇಲ್ಲ.

ಕೋತಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕನ್ನಡ ತಮಿಳಿನಿಂದ ಹುಟ್ಟಲಿಲ್ಲ. ಕನ್ನಡ, ತಮಿಳು, ತುಳು ಎಲ್ಲಕ್ಕೂ ಹಿಂದೆ ಒಂದು ಮೂಲ ನುಡಿ ಇತ್ತು. ಅದು ಈಗ ಯಾರ ಬಾಯಲ್ಲೂ ಇಲ್ಲ. ನಾವು ಮತ್ತು ಚಿಂಪಾಂಜಿ ಹಾಗೆ ದಾಯಾದಿಗಳು. 60–70 ಲಕ್ಷ ವರ್ಷಗಳ ಹಿಂದೆ ದಾರಿ ಕವಲಾಯಿತು. ನಮ್ಮ ದಾರಿಯಲ್ಲೂ ಕವಲುಗಳಿದ್ದವು. ನಮ್ಮದೇ ಪ್ರಭೇದದ ಮನುಷ್ಯರ ಹಳೆಯ ಮೂಳೆಗಳು ಮೊರಾಕ್ಕೊದಲ್ಲಿ ಸಿಕ್ಕಿವೆ, ಸುಮಾರು 3 ಲಕ್ಷ ವರ್ಷದವು. ಆಗ ಯೂರೋಪಿನಲ್ಲಿ ನಿಯಾಂಡರ್ಥಲ್ ಜನ ಇದ್ದರು. ಅವರು ಅಳಿದುಹೋದರು, ಪೂರ್ತಿ ಅಲ್ಲ. ನನ್ನ ನಿಮ್ಮ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು ಅವರದು. ಅದನ್ನು ಪತ್ತೆ ಹಚ್ಚಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಪುಣೆಯ ಕನ್ನಡಿಗರಿಗೆ ಈ ಕಥೆ ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಯರವಡಾದ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು ದಶಕಗಟ್ಟಲೆ ನಮ್ಮ ಹುಣಸಗಿ ಕಣಿವೆಯಲ್ಲಿ ಅಗೆದವರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರ ಕಲ್ಲುಗಣಿ ಸಿಕ್ಕಿತು. ಸುಣ್ಣಕಲ್ಲಿನ ಚಪ್ಪಡಿ ಕಿತ್ತು, ಚಕ್ಕೆ ಎಬ್ಬಿಸಿ, ಅಲ್ಲೇ ಕೈಕೊಡಲಿ ಮಾಡುತ್ತಿದ್ದ ಜಾಗ. ಜೊತೆಗೆ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಅಂದಾಜು. ಹುಣಸಗಿ, ಸುರಪುರ, ಯಾದಗಿರಿ ಕಡೆಯಿಂದ ಎಷ್ಟೊಂದು ಜನ ಇವತ್ತು ಪುಣೆಗೆ ಕಟ್ಟಡ ಕೆಲಸಕ್ಕೆ ಬರುತ್ತಾರೆ. ಕಲ್ಲಿನ ಪೆಟ್ಟು ಎಲ್ಲಿ ಬೀಳಬೇಕು ಅಂತ ಗೊತ್ತಿರುವ ಕೈಗಳು ಅವು. ಕಾಲು ನೆಲ ಹಿಡಿದದ್ದರಿಂದ ಬಿಡುವಾದ ಕೈ, ಕೊನೆಗೆ ಇಲ್ಲಿಗೆ ಬಂದು ಮುಟ್ಟಿತು.

ಅದೇ ಡೆಕ್ಕನ್ ಕಾಲೇಜಿನಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಇದ್ದರು. 1920ರ ದಶಕದ ಕೊನೆಯಲ್ಲಿ ಅವರು ಓದಲು ಬರ್ಲಿನ್ನಿಗೆ ಹೋದಾಗ ಅವರ ಗುರು ಯೂಜೆನ್ ಫಿಶರ್. ಜನಾಂಗಗಳಲ್ಲಿ ಮೇಲು ಕೀಳು ಇದೆ ಎಂದು ನಂಬಿದ್ದವನು. ಮುಂದೆ ಅವನ ವಿಚಾರಗಳನ್ನು ನಾಜಿಗಳು ಬಳಸಿಕೊಂಡರು. ಬುರುಡೆಗಳನ್ನು ಅಳೆಯುವ ಕೆಲಸ ಇರಾವತಿಯವರಿಗೆ ಬಂತು. ಬುರುಡೆಯ ಎಡಬಲದ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧ ಕಾಣುವುದಿಲ್ಲ ಎಂದು ಆ ಗುರುವಿಗೇ ಬರೆದುಕೊಟ್ಟರು. ಪರದೇಶದಲ್ಲಿ ಒಬ್ಬಳೇ ಇದ್ದ ಇಪ್ಪತ್ತರ ಹರೆಯದ ಹೆಣ್ಣುಮಗಳು! ಪುಣೆಗೆ ಬಂದ ಮೇಲೆ ಅವರು ವಾರಿಯಲ್ಲೂ ನಡೆದರು, ಅದರ ಬಗ್ಗೆ ಮರಾಠಿಯಲ್ಲಿ ಬರೆದರು. ಒಂದೇ ವಿಠ್ಠಲನ ಹೆಸರು ಹೇಳುತ್ತ ನಡೆಯುವವರು ಊಟಕ್ಕೆ ಜಾತಿ ನೋಡಿ ಬೇರೆ ಬೇರೆ ಕೂರುವುದು ಕಂಡು ನೊಂದುಕೊಂಡರು. ಅಳೆಯುವ ಕಣ್ಣು, ನೋಯುವ ಮನಸ್ಸು ಎರಡೂ ಇದ್ದವರು.

ವಿಜ್ಞಾನ ಓದಿ ವಿಠ್ಠಲನಿಗೆ ಕೈ ಹೇಗೆ ಮುಗಿಯುತ್ತೀರಿ ಅಂತ ನನ್ನನ್ನು ಕೇಳುವವರಿದ್ದಾರೆ. ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮತ್ಸ್ಯ, ಕೂರ್ಮ, ವರಾಹ ಅಂತ ದಶಾವತಾರ ಹೇಳಿ, ವಿಕಾಸ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ದಶಾವತಾರದಲ್ಲಿ ಒಬ್ಬ ಕಾಯುವವನಿದ್ದಾನೆ, ಅವನು ಬರುವುದಕ್ಕೆ ಕಾರಣ ಇದೆ. ವಿಕಾಸಕ್ಕೆ ಗುರಿ ಅಂತ ಇಲ್ಲ. ನೀರು ಬಿಟ್ಟು ಬಂದ ಮೀನು ಮನುಷ್ಯನಾಗಲು ಬರಲಿಲ್ಲ. ಅವೆರಡನ್ನೂ ಸುಮ್ನೆ ಒಂದಕ್ಕೊಂದು ಅಂಟಿಸಿದರೆ ಎರಡೂ ಕೆಡುತ್ತವೆ. ಏನು ನಡೆಯಿತು ಎನ್ನುವ ಪ್ರಶ್ನೆಗೆ ಕಲ್ಲು, ಮೂಳೆ, ಡಿಎನ್‌ಎ ಹೇಳಿದ್ದೇ ಸರಿ. ಅಲ್ಲಿ ಗ್ರಂಥಕ್ಕೆ ರಿಯಾಯಿತಿ ಇಲ್ಲ.

ಆದರೆ ಅದೇ ಮೂಳೆಗಳು ಇನ್ನೂ ಒಂದು ಸಂಗತಿ ಹೇಳುತ್ತವೆ. ಎರಡು ಕಾಲಲ್ಲಿ ನಡೆಯುವ ಸೊಂಟ ಒಂದು ಕಡೆ, ಬೆಳೆಯುತ್ತ ಹೋದ ತಲೆ ಇನ್ನೊಂದು ಕಡೆ. ಹೆರಿಗೆ ಕಷ್ಟವಾಯಿತು. ಮಗು ತಿರುಗಿ ತಿರುಗಿ ಹೊರಬರಬೇಕು. ಹುಟ್ಟುವಾಗ ಅದರ ಮೆದುಳು ದೊಡ್ಡವರ ಮೆದುಳಿನ ಮೂರನೇ ಒಂದು ಪಾಲೂ ಇರುವುದಿಲ್ಲ. ಇದು ಸೊಂಟದ ಇಕ್ಕಟ್ಟಿನಿಂದಲೋ, ತಾಯಿಯ ಮೈ ಅದಕ್ಕಿಂತ ಜಾಸ್ತಿ ಉಣಿಸಲಾರದ್ದರಿಂದಲೋ ಎಂಬ ವಾದ ವಿದ್ವಾಂಸರಲ್ಲಿದೆ. ಹೇಗಾದರೂ, ಅಷ್ಟು ಅಸಹಾಯಕ ಕೂಸನ್ನು ಒಬ್ಬಳೇ ತಾಯಿ ಸಾಕುವುದು ಆಗದ ಮಾತು. ತಾಂಜಾನಿಯಾದ ಹಾಡ್ಜಾ ಜನರಲ್ಲಿ ಅಜ್ಜಿಯರು ಗೆಡ್ಡೆ ಅಗೆದು ತಂದು ಮೊಮ್ಮಕ್ಕಳಿಗೆ ಕೊಡುವುದನ್ನು ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ನೋಡಿ ಬರೆದಿದ್ದಾರೆ. ಮುಟ್ಟು ನಿಂತ ಮೇಲೂ ಹೆಂಗಸರು ಇಷ್ಟು ವರ್ಷ ಬದುಕುವುದು ಅದಕ್ಕೇ ಇರಬಹುದು ಎನ್ನುತ್ತಾರೆ.

ಜಾರ್ಜಿಯಾ ದೇಶದ ಡ್ಮನಿಸಿಯಲ್ಲಿ ಸುಮಾರು 18 ಲಕ್ಷ ವರ್ಷ ಹಳೆಯ ಒಂದು ಬುರುಡೆ ಸಿಕ್ಕಿದೆ. ಸಾಯುವ ಎಷ್ಟೋ ಮೊದಲೇ ಹಲ್ಲೆಲ್ಲ ಉದುರಿ ಒಂದೇ ಉಳಿದಿತ್ತು. ಹಲ್ಲಿನ ಗೂಡುಗಳು ಮುಚ್ಚಿಕೊಂಡಿವೆ. ಅಂದರೆ ಹಲ್ಲಿಲ್ಲದೆ ಕೆಲವು ವರ್ಷ ಬದುಕಿದ ಜೀವ. ಯಾರೋ ಜಜ್ಜಿ ಕೊಟ್ಟಿರಬೇಕು ಎನ್ನುವವರಿದ್ದಾರೆ, ತಾನೇ ಮೆತ್ತನೆಯದನ್ನು ಹುಡುಕಿ ತಿಂದಿರಬಹುದು ಎನ್ನುವವರೂ ಇದ್ದಾರೆ. ಅಲ್ಲಿಂದ ತೀರ ಈಚೆಗೆ, ಸುಮಾರು ಒಂದು ಲಕ್ಷ ವರ್ಷ ಹಿಂದೆ, ಇಸ್ರೇಲಿನ ಕಫ್ಜೆ ಗುಹೆಯಲ್ಲಿ ಒಂದು ಮಗುವನ್ನು ಮಣ್ಣು ಮಾಡಿದ್ದಾರೆ. ಜೊತೆಗೆ ಜಿಂಕೆಯ ಕೊಂಬು ಇಟ್ಟಿದ್ದಾರೆ. ಆ ಕೊಂಬಿನಿಂದ ಸತ್ತ ಮಗುವಿಗೆ ಏನೂ ಆಗಬೇಕಾಗಿರಲಿಲ್ಲ. ಬಿಟ್ಟು ಹೋಗಲು ಆಗದವರು ಇಟ್ಟದ್ದು. ಧರ್ಮ ಅಂತ ನಾವು ಕರೆಯುವುದರ ಒಂದು ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಾನು ಪಂಢರಪುರದಲ್ಲಿ ಸಾಲು ನಿಂತು, ಇಟ್ಟಿಗೆಯ ಮೇಲೆ ಜೋಡಿಸಿಟ್ಟ ವಿಠ್ಠಲನ ಆ ಎರಡು ಪಾದಗಳ ಮೇಲೆ ಹಣೆ ಇಡುವಾಗ ನನ್ನೊಳಗೆ ಇರುವುದು ಆ ಬೇರು. ಮೀನು, ಆಮೆಯ ಲೆಕ್ಕ ಆಗ ಬೇಕಾಗುವುದಿಲ್ಲ.

ಇನ್ನು ಮುಂದೇನು? ವಿಕಾಸ ನಿಂತಿಲ್ಲ. ಮತ್ತೆ ಹಾಲಿಗೇ ಬರುತ್ತೇನೆ. ಮೊಲೆ ಬಿಟ್ಟ ಮೇಲೆ ಹಾಲು ಅರಗಿಸಿಕೊಳ್ಳುವ ಶಕ್ತಿ ಪ್ರಾಣಿಗಳಲ್ಲಿ ಕುಂದುತ್ತದೆ. ದನ ಸಾಕಿದ ಜನರಲ್ಲಿ ಕಳೆದ ಹತ್ತು ಸಾವಿರ ವರ್ಷಗಳ ಒಳಗೆ ಒಂದು ಬದಲಾವಣೆ ಹರಡಿ, ಆ ಶಕ್ತಿ ಉಳಿಯಿತು. ಯೂರೋಪಿನಲ್ಲಿ ಕಾಣುವ ಬದಲಾವಣೆಯೇ ಭಾರತದಲ್ಲೂ ಇದೆ. ಆದರೆ ನಮ್ಮ ಬದುಕು ಈಗ ಜೀನ್‌ಗಳಿಗಿಂತ ಎಷ್ಟೋ ಪಟ್ಟು ಬೇಗ ಬದಲಾಗುತ್ತಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 1993ರಿಂದ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ಗಮನಿಸುತ್ತ ಬಂದರು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದ್ದು 3.5 ಕೆಜಿ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಆದರೆ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ಸಣ್ಣಗೆ ಕಂಡರೂ ಒಳಗೆ ಕೊಬ್ಬು. ಕೊರತೆಗೆ ಹೊಂದಿಕೊಂಡು ಹುಟ್ಟಿದ ಇಂಥ ಮೈ, ಮುಂದೆ ಹಿಂಜೆವಾಡಿಯ ಐಟಿ ಕಂಪನಿಯ ಕುರ್ಚಿಯಲ್ಲಿ ದಿನಕ್ಕೆ ಹತ್ತು ಗಂಟೆ ಕೂರುತ್ತದೆ. ಸಕ್ಕರೆ ಕಾಯಿಲೆ ಬಾರದೆ ಇನ್ನೇನು?

ಜೀನ್ ತಿದ್ದುವ ಕತ್ತರಿಯೂ ಕೈಗೆ ಬಂದಿದೆ. ಕ್ರಿಸ್ಪರ್ ಎನ್ನುತ್ತಾರೆ, 2012ರಲ್ಲಿ ತೋರಿಸಿಕೊಟ್ಟದ್ದು. 2023ರಲ್ಲಿ ಅದರಿಂದ ಸಿಕಲ್ ಸೆಲ್ ರೋಗದ ಚಿಕಿತ್ಸೆಗೆ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ಅದು ನರಳುವ ಒಬ್ಬರ ರಕ್ತ ತಿದ್ದುವ ಕೆಲಸ, ನನಗೆ ಸಂತೋಷ. 2018ರಲ್ಲಿ ಚೀನಾದಲ್ಲಿ ಒಬ್ಬ ವಿಜ್ಞಾನಿ ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಹೇಳಿದ. ಅವನಿಗೆ ಜೈಲಾಯಿತು. ಆ ಬದಲಾವಣೆ ಮಕ್ಕಳ ಮಕ್ಕಳಿಗೂ ಹೋಗಬಲ್ಲದು, ಅವರನ್ನು ಯಾರೂ ಕೇಳಿಲ್ಲ. ವಾಡೆಯ ಯಾವ ಕಂಬ ಯಾವ ಮಾಳಿಗೆಯನ್ನು ಹೊತ್ತಿದೆ ಅಂತ ಇನ್ನೂ ಪೂರ್ತಿ ತಿಳಿಯದೆ ಕಂಬ ಕೀಳಬಾರದು ಎನ್ನುವವಳು ನಾನು.

ಅವತ್ತು ಅಜ್ಜಿಗೆ ಹೇಳಿದ ನಾಲ್ಕು ಮಾತು ಇಷ್ಟೇ: ನಾವೆಲ್ಲ ಹಿಂದೊಮ್ಮೆ ಮರದ ಮೇಲೆ ಇದ್ದವರು, ಆ ಮೈಯನ್ನೇ ಎತ್ತಿ ನಿಲ್ಲಿಸಿದ್ದು, ಅದಕ್ಕೇ ಮೊಣಕಾಲಿಗೆ ಭಾರ ಜಾಸ್ತಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಂಗಾರ ಮುಂದ ಹುಟ್ಟೂ ಮಂದಿಗೆ ಮೊಣಕಾಲು ಸುದ್ದ ಬರ್ತಾವೇನು?”

ಇಲ್ಲ ಅಜ್ಜಿ, ಅಂದೆ. ಮೊಣಕಾಲು ಸವೆಯುವುದು ಮಕ್ಕಳು, ಮೊಮ್ಮಕ್ಕಳು ಆದ ಮೇಲೆ. ಅಷ್ಟರಲ್ಲಿ ಸವೆಯುವ ಗುಣ ಅವರಿಗೆ ದಾಟಿಯೇ ಹೋಗಿರುತ್ತದೆ. ಹರೆಯದಲ್ಲಿ ತೊಂದರೆ ಕೊಡದ್ದನ್ನು ವಿಕಾಸ ತಿದ್ದುವುದು ಬಲು ಕಡಿಮೆ. ಅದರಷ್ಟಕ್ಕೆ ಅದು ಸರಿಹೋಗುವುದಿಲ್ಲ.

“ಹಂಗಾದ್ರ ನೀನ ಒತ್ತಬೇಕಲ್ಲವಾ” ಅಂದರು ಅಜ್ಜಿ. ಸೀರೆ ಸರಿಮಾಡಿಕೊಂಡು ಬಲಗಾಲನ್ನೂ ನನ್ನ ಮುಂದೆ ಚಾಚಿದರು.